ಒಂದೇ ಮೋಲ್ ಪ್ರಮಾಣದಲ್ಲಿ ಕರಗಿಸಿದರೂ ಸಕ್ಕರೆಗಿಂತ ಉಪ್ಪಿನ ಪರಿಣಾಮ ಹೆಚ್ಚೇಕೆ?

ಮೋಲ್ ಎಂಬುದು ಡಜನ್‌ನಂತೆ ಕಣಗಳನ್ನು ಎಣಿಸುವ ಒಂದು ಮಾನ. ಆವಿಯೊತ್ತಡದ ಇಳಿಕೆ, ಕುದಿಬಿಂದುವಿನ ಏರಿಕೆ, ಘನೀಭವನ ಬಿಂದುವಿನ ಇಳಿಕೆ ಮತ್ತು ಪರಾಸರಣ (ಪೊರೆಯ ಮೂಲಕ ನೀರು ಹೆಚ್ಚು ಸಾಂದ್ರತೆಯ ಕಡೆಗೆ ಹರಿಯುವುದು) ಒತ್ತಡ, ಈ ನಾಲ್ಕು ಕೊಲಿಗೇಟಿವ್ ಗುಣಗಳು ಸಾರರಿಕ್ತ (ಕರಗಿದ ವಸ್ತು ಕಡಿಮೆ ಇರುವ) ದ್ರಾವಣದಲ್ಲಿ ಕರಗಿದ ಕಣಗಳ ಸಂಖ್ಯೆಯನ್ನು ಅವಲಂಬಿಸುತ್ತವೆಯೇ ಹೊರತು ಆ ಕಣಗಳು ಯಾವ ವಸ್ತುವಿನವು ಎಂಬುದನ್ನಲ್ಲ. ಸಕ್ಕರೆಯ ಅಣು ನೀರಿನಲ್ಲಿ ಇಡಿಯಾಗಿಯೇ ಉಳಿಯುತ್ತದೆ. ಉಪ್ಪು ಮಾತ್ರ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಾಗಿ, ಅಂದರೆ ವಿದ್ಯುದಾವೇಶವುಳ್ಳ ಎರಡು ಕಣಗಳಾಗಿ, ಬೇರ್ಪಡುತ್ತದೆ. ಒಂದು ಕಿಲೋಗ್ರಾಂ ನೀರಿನಲ್ಲಿ 34.2 ಗ್ರಾಂ ಸಕ್ಕರೆ, ಅಂದರೆ 0.1 ಮೋಲ್, ಕರಗಿದಾಗ ಘನೀಭವನ ಬಿಂದು ಸುಮಾರು 0.19 ಡಿಗ್ರಿ ಸೆಲ್ಸಿಯಸ್ ಇಳಿದರೆ, ಅಷ್ಟೇ ಮೋಲ್ ಉಪ್ಪು, ತೂಕದಲ್ಲಿ ಕೇವಲ 5.85 ಗ್ರಾಂ, ಅದನ್ನು ಸುಮಾರು 0.35 ಡಿಗ್ರಿ ಇಳಿಸುತ್ತದೆ. ಇದು ಪೂರ್ತಿ ಎರಡು ಪಟ್ಟಾಗದಿರುವುದಕ್ಕೆ ವಿರುದ್ಧ ಆವೇಶದ ಅಯಾನುಗಳ ನಡುವಿನ ಆಕರ್ಷಣೆ ಕಾರಣ. ಕರಗಿದ ವಸ್ತುವಿನ ಒಂದು ಘಟಕ ಎಷ್ಟು ಕಣಗಳಷ್ಟು ಪರಿಣಾಮ ಬೀರುತ್ತದೆ ಎಂಬುದನ್ನು ಸೂಚಿಸುವ, ಪಠ್ಯಪುಸ್ತಕದ ವಾಂಟ್ ಹಾಫ್ ಗುಣಾಂಕವನ್ನು ಕಣ್ಣುಮುಚ್ಚಿ 2 ಎಂದು ಬರೆಯುವ ವಿದ್ಯಾರ್ಥಿಗಳು ಇದನ್ನು ಅಗತ್ಯವಾಗಿ ಗಮನಿಸಬೇಕು.

ನಾಲ್ಕರಲ್ಲಿ ನಮ್ಮ ಕಾಸರಗೋಡಿನ ಅಡುಗೆಮನೆಗೆ ಅತಿ ಸಮೀಪದ್ದು ಪರಾಸರಣ. ಮಳೆಗಾಲಕ್ಕೆಂದು ಭರಣಿಯಲ್ಲಿ ಹಾಕಿಡುವ ಉಪ್ಪುಸೊಳೆಯಲ್ಲಿ, ಹೊರಗಿನ ಉಪ್ಪಿನ ಸಾಂದ್ರತೆ ಹೆಚ್ಚಿರುವುದರಿಂದ ಹಲಸಿನ ಸೊಳೆಯ ಜೀವಕೋಶಗಳೊಳಗಿನ ನೀರು ಪೊರೆಯ ಮೂಲಕ ಹೊರಬರುತ್ತದೆ. ಕೊಳೆಸುವ ಬ್ಯಾಕ್ಟೀರಿಯಾಗಳೂ ಹೀಗೆಯೇ ನೀರು ಕಳೆದುಕೊಳ್ಳುವುದರಿಂದ ಅವುಗಳ ಬೆಳವಣಿಗೆ ಕುಂಠಿತವಾಗಿ, ಸೊಳೆ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ.