ಆಟ ಇದೆ, ದುಡ್ಡೆಲ್ಲಿದೆ? – ಓದುಗರ ಪ್ರಶ್ನೋತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ಕ್ರೀಡಾ ವಿಭಾಗದಿಂದ ಬಂದಿವೆ. ಹೆಸರು ಹಾಕಬೇಡಿ ಎಂದು ಬಹುತೇಕರು ಕೇಳಿಕೊಂಡಿರುವುದರಿಂದ ಊರನ್ನಷ್ಟೇ ಕೊಟ್ಟಿದ್ದೇವೆ.

ನಮ್ಮದು ಸಣ್ಣ ವಿವಿ. ಕ್ರೀಡಾ ಶುಲ್ಕ ಬಿಟ್ಟರೆ ಬೇರೆ ಆದಾಯವಿಲ್ಲ. ಪ್ರತಿ ವರ್ಷ ಡಿಸೆಂಬರ್ ಹೊತ್ತಿಗೆ ಹಣ ಖಾಲಿಯಾಗಿ ಅಥ್ಲೆಟಿಕ್ಸ್ ತಂಡ ಕಳಿಸಲು ಪರದಾಡುತ್ತೇವೆ. ಬಜೆಟ್ ಹೇಗೆ ಮಾಡಬೇಕು? – ದೈಹಿಕ ಶಿಕ್ಷಣ ನಿರ್ದೇಶಕರು, ಕೊಪ್ಪಳ

ಈ ಕಷ್ಟ ನಿಮ್ಮೊಬ್ಬರದಲ್ಲ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿವಿಯಿಂದ ಕೊಪ್ಪಳ ಬೇರೆಯಾಯಿತು, ಗುಲಬರ್ಗಾ ವಿವಿಯಿಂದ ರಾಯಚೂರು ಬೇರೆಯಾಯಿತು. ಕಾಲೇಜುಗಳು ಹಂಚಿಹೋದವು, ಶುಲ್ಕವೂ ಹಂಚಿಹೋಯಿತು. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ (ಎಐಯು) ಕ್ಯಾಲೆಂಡರಿನಲ್ಲಿರುವ ಪಂದ್ಯಾವಳಿಗಳು ಮಾತ್ರ ಹಂಚಿಹೋಗಲಿಲ್ಲ. ದೊಡ್ಡ ವಿವಿ ಎಷ್ಟು ಆಟಕ್ಕೆ ತಂಡ ಕಳಿಸುತ್ತದೋ ಅಷ್ಟಕ್ಕೂ ನಾವೂ ಕಳಿಸುತ್ತೇವೆಂದು ಹೊರಟರೆ ಡಿಸೆಂಬರಿನಲ್ಲಲ್ಲ, ಅಕ್ಟೋಬರಿನಲ್ಲೇ ಹಣ ಮುಗಿಯುತ್ತದೆ.

ಮೊದಲು ಒಂದು ತಂಡದ ಲೆಕ್ಕ ಹಾಕಿ. ಕಬಡ್ಡಿಗೆ 12 ಆಟಗಾರರು, ಒಬ್ಬ ಕೋಚ್, ಒಬ್ಬ ಮ್ಯಾನೇಜರ್, ಒಟ್ಟು 14 ಜನ ಎನ್ನಿ. ಇಲ್ಲಿರುವ ದರಗಳು ಉದಾಹರಣೆಗೆ. ನಿಮ್ಮ ದರ ಹಾಕಿಕೊಳ್ಳಿ. ಸ್ಲೀಪರ್ ದರ್ಜೆಯಲ್ಲಿ ಹೋಗಿ ಬರಲು ತಲೆಗೆ 900 ರೂ., ಒಟ್ಟು 12,600. ದಿನಕ್ಕೆ 400 ರೂ. ಭತ್ಯೆಯಂತೆ ಆರು ದಿನಕ್ಕೆ 33,600. ಆಟಗಾರರಿಗೆ ಕಿಟ್ 1,800ರಂತೆ 21,600. ಹತ್ತು ದಿನದ ಶಿಬಿರ, ಆಟಗಾರರ ಊಟ-ಮೊಟ್ಟೆ-ಹಾಲಿಗೆ ತಲೆಗೆ ದಿನಕ್ಕೆ 250ರಂತೆ 30,000. ಪ್ರವೇಶ ಶುಲ್ಕ, ಸ್ಟೇಷನ್ನಿನಿಂದ ಮೈದಾನಕ್ಕೆ ಓಡಾಟ 8,000. ಎಲ್ಲ ಸೇರಿ 1,05,800 ರೂ.

ಈಗ ಆದಾಯ. ವಿವಿಯ ಪಾಲಿಗೆ ತಲೆಗೆ 100 ರೂ. ಬರುತ್ತದೆ, 12,000 ವಿದ್ಯಾರ್ಥಿಗಳಿದ್ದಾರೆ ಎಂದುಕೊಂಡರೆ 12 ಲಕ್ಷ. ಇದರಲ್ಲಿ ಅಂತರಕಾಲೇಜು ಕೂಟಗಳನ್ನು ನಡೆಸುವ ಕಾಲೇಜುಗಳಿಗೆ 3 ಲಕ್ಷ, ಸಾಮಗ್ರಿಗೆ ಒಂದೂವರೆ ಲಕ್ಷ, ವಿಮೆ ಮತ್ತು ಚಿಕಿತ್ಸೆಗೆ 1 ಲಕ್ಷ, ಮೀಸಲು 1 ಲಕ್ಷ 20 ಸಾವಿರ ತೆಗೆದರೆ ಉಳಿಯುವುದು 5 ಲಕ್ಷ 30 ಸಾವಿರ. ಅಂದರೆ ಐದು ತಂಡ. ಪುರುಷರದೊಂದು, ಮಹಿಳೆಯರದೊಂದು ಎಂದು ಎಣಿಸಿದರೆ ಎರಡೂವರೆ ಆಟ.

ಹಣ ಸಾಲದಾದಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ಶಿಬಿರಕ್ಕೆ. ಅದೇ ತಪ್ಪು. ದಕ್ಷಿಣ ವಲಯದ ಪಂದ್ಯಾವಳಿಗೆ ಶಿಬಿರವಿಲ್ಲದೆ ಹೋದ ತಂಡ ಮೊದಲ ಸುತ್ತಿನಲ್ಲೇ ಸೋತು ಮರುದಿನದ ರೈಲು ಹತ್ತುತ್ತದೆ. ಪ್ರಯಾಣದ ದುಡ್ಡು ನೀರಿನಲ್ಲಿಟ್ಟ ಹೋಮ. ತಂಡಗಳ ಸಂಖ್ಯೆ ಇಳಿಸಿ, ಶಿಬಿರದ ದಿನ ಇಳಿಸಬೇಡಿ. ಯಾವ ಆಟ ಉಳಿಸಬೇಕೆಂಬುದಕ್ಕೆ ನಿಮ್ಮ ಕಾಲೇಜುಗಳನ್ನೇ ನೋಡಿ. ಅಂತರಕಾಲೇಜು ಹಂತದಲ್ಲಿ ಎಂಟು ತಂಡವಾದರೂ ಬರದ ಆಟಕ್ಕೆ ವಿವಿ ತಂಡ ಕಟ್ಟುವುದು ಕಾಗದಕ್ಕಷ್ಟೇ.

ಅಥ್ಲೆಟಿಕ್ಸ್ ಲೆಕ್ಕ ಬೇರೆ. ಇದಕ್ಕೆ ವಲಯ ಹಂತವಿಲ್ಲ, ನೇರ ಅಖಿಲ ಭಾರತ ಕೂಟ. ಪುರುಷರ ಕೂಟ ಒಂದು ರಾಜ್ಯದಲ್ಲಿ, ಮಹಿಳೆಯರದು ಇನ್ನೊಂದರಲ್ಲಿ ನಡೆದದ್ದೂ ಉಂಟು, ಆಗ ಮ್ಯಾನೇಜರ್, ಕೋಚ್ ಎರಡು ಜೊತೆ ಬೇಕು. ಅಂತರಕಾಲೇಜಿನಲ್ಲಿ ಮೊದಲು ಬಂದವರನ್ನೆಲ್ಲ ಕಳಿಸುವ ಪದ್ಧತಿ ಬಿಡಿ. ಹಿಂದಿನ ವರ್ಷದ ಅಖಿಲ ಭಾರತ ಕೂಟದ ಫಲಿತಾಂಶ ಪಟ್ಟಿ ತೆಗೆದು, ಪ್ರತಿ ಸ್ಪರ್ಧೆಯಲ್ಲಿ 16ನೆಯವರ ಸಾಧನೆಯನ್ನು ನಿಮ್ಮ ಮಾನದಂಡ ಮಾಡಿ, ಕೂಟಕ್ಕೆ ಮೊದಲೇ ಕಾಲೇಜುಗಳಿಗೆ ಸುತ್ತೋಲೆ ಕಳಿಸಿ. ಮುಟ್ಟಿದವರು ನಾಲ್ಕೇ ಜನವಾದರೆ ನಾಲ್ಕೇ ಜನ ಹೋಗಲಿ. ಉಳಿದ ಹಣ ಆ ನಾಲ್ವರ ಶಿಬಿರಕ್ಕೆ.

ಡಿಸೆಂಬರಿನ ಬಿಕ್ಕಟ್ಟಿಗೆ ಇನ್ನೊಂದು ಕಾರಣವಿದೆ. ಆರ್ಥಿಕ ವರ್ಷ ಏಪ್ರಿಲ್‌ಗೆ ಶುರು, ಪ್ರವೇಶಾತಿ ತಡವಾದಷ್ಟೂ ಶುಲ್ಕ ಬರುವುದು ತಡ, ಕೂಟಗಳು ಮಾತ್ರ ಅಕ್ಟೋಬರಿನಿಂದ ಜನವರಿಯೊಳಗೆ. ಆ ಮೀಸಲು 1 ಲಕ್ಷ 20 ಸಾವಿರವನ್ನು ಮಾರ್ಚ್‌ನಲ್ಲಿ ಖರ್ಚು ಮಾಡಿ ಮುಗಿಸದೆ, ಕ್ರೀಡಾ ನಿಧಿಯ ಪ್ರತ್ಯೇಕ ಶೀರ್ಷಿಕೆಯಲ್ಲಿ ಮುಂದಿನ ಸಾಲಿಗೆ ಸಾಗಿಸಲು ಹಣಕಾಸು ಸಮಿತಿಯಲ್ಲಿ ಒಮ್ಮೆ ಒಪ್ಪಿಗೆ ಪಡೆದಿಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಮೈದಾನ, ಕಟ್ಟಡದಂಥ ಕಾಮಗಾರಿಗೆ ಅಲ್ಲಿ ಕೇಳಬಹುದು, ರೈಲು ಟಿಕೆಟ್ಟಿಗಲ್ಲ.

ಒಂದು ಕಂಪನಿಯವರು 2 ಲಕ್ಷ ಕೊಡುತ್ತೇವೆ, ಜರ್ಸಿ ಮೇಲೆ ನಮ್ಮ ಲೋಗೋ ಹಾಕಿ, ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಎಂದು ರಸೀದಿ ಕೊಡಿ ಎನ್ನುತ್ತಾರೆ. ಪಡೆಯಬಹುದೇ? – ಕ್ರೀಡಾ ಸಮಿತಿ ಸದಸ್ಯರು, ಬಳ್ಳಾರಿ

ದುಡ್ಡು ಪಡೆಯಬಹುದು. ಲೋಗೋ ಮತ್ತು ಸಿಎಸ್‌ಆರ್ ಎರಡೂ ಒಟ್ಟಿಗೆ ಆಗದು. ಮಾರುಕಟ್ಟೆ ಲಾಭಕ್ಕಾಗಿ ಪ್ರಾಯೋಜಕತ್ವದ ರೂಪದಲ್ಲಿ ಕೊಟ್ಟ ಹಣವನ್ನು 2021ರ ತಿದ್ದುಪಡಿಯ ನಂತರ ಸಿಎಸ್‌ಆರ್ ನಿಯಮಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜರ್ಸಿ ಮೇಲಿನ ಲೋಗೋ ಎಂದರೆ ಜಾಹೀರಾತು. ಆಗ ವ್ಯವಹಾರ ಜಿಎಸ್‌ಟಿ ವ್ಯಾಪ್ತಿಗೂ ಬರುತ್ತದೆ, ಪ್ರಾಯೋಜಕತ್ವಕ್ಕೆ ಶೇ 18. ಜಾಹೀರಾತಿನ ಮಾತಿಲ್ಲದೆ ಕೃತಜ್ಞತೆಗೆಂದು ಫಲಕದಲ್ಲಿ ದಾನಿಯ ಹೆಸರು ಬರೆದರೆ ತೆರಿಗೆ ಇಲ್ಲವೆಂದು 2019ರ ಅಕ್ಟೋಬರಿನಲ್ಲೇ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿದೆ. ಹಾಗಾಗಿ ಕಂಪನಿಯವರನ್ನು ಮೊದಲು ಇಷ್ಟೇ ಕೇಳಿ: ನಿಮಗೆ ಬೇಕಾದ್ದು ಪ್ರಚಾರವೋ, ಸಿಎಸ್‌ಆರ್ ಲೆಕ್ಕವೋ?

ಸಿಎಸ್‌ಆರ್ ಎಂದರೆ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರೀಯ ಮಾನ್ಯತೆಯ ಕ್ರೀಡೆ, ಒಲಿಂಪಿಕ್ ಮತ್ತು ಪ್ಯಾರಾಲಿಂಪಿಕ್ ಕ್ರೀಡೆಗಳ ತರಬೇತಿ ಇದೆ. ಅಲ್ಲಿರುವ ಪದ ‘ತರಬೇತಿ’. ಒಂದು ದಿನದ ಓಟದ ಕಾರ್ಯಕ್ರಮಕ್ಕೆ ಕೇಳಿದರೆ ಕಂಪನಿಯ ಲೆಕ್ಕಿಗರೇ ತಿರಸ್ಕರಿಸುತ್ತಾರೆ. ‘20 ಓಟಗಾರ್ತಿಯರಿಗೆ ಎಂಟು ತಿಂಗಳ ತರಬೇತಿ, ಆಹಾರ, ಸ್ಪೈಕ್ ಶೂ’ ಎಂದು ತಿಂಗಳುವಾರು ಖರ್ಚಿನ ಪಟ್ಟಿ ಹಾಕಿ ಎರಡು ಪುಟದ ಪ್ರಸ್ತಾವ ಕೊಡಿ. ನಿಮ್ಮ ವಿವಿ ಮೂಲಕ ಯೋಜನೆ ಜಾರಿ ಮಾಡುವುದಾದರೆ ಸಿಎಸ್‌ಆರ್–1 ನಮೂನೆಯಲ್ಲಿ ಜಾರಿ ಸಂಸ್ಥೆಯಾಗಿ ನೋಂದಣಿ ಬೇಕೇ ಎಂದು ಕಂಪನಿ ಕಾರ್ಯದರ್ಶಿಯಿಂದ ಬರಹದಲ್ಲಿ ತಿಳಿದುಕೊಳ್ಳಿ. ತೋರಣಗಲ್ಲು, ಸಂಡೂರು ಕಡೆ ದೊಡ್ಡ ಕಂಪನಿಗಳಿರುವುದು ನಿಮಗೆ ಅನುಕೂಲವೇ, ಆದರೆ ಕೇಳುವ ಹೊತ್ತು ಏಪ್ರಿಲ್–ಮೇ. ಫೆಬ್ರುವರಿಯಲ್ಲಿ ಹೋದರೆ ಆ ವರ್ಷದ ಹಣ ಹಂಚಿ ಮುಗಿದಿರುತ್ತದೆ.

ಯಾವ ದಾರಿಯಾದರೂ ಹಣ ವಿವಿ ಖಾತೆಗೇ ಬರಲಿ, ವಿತ್ತಾಧಿಕಾರಿಯ ರಸೀದಿ ಹೋಗಲಿ. ದೈಹಿಕ ಶಿಕ್ಷಣ ನಿರ್ದೇಶಕರ ಫೋನ್‌ಪೇಗೆ ಹಾಕಿಸಿಕೊಂಡು ‘ಆಮೇಲೆ ಕಟ್ಟಿದರಾಯ್ತು’ ಎಂದರೆ ಹಣ ಸರಿಯಾಗಿ ಖರ್ಚಾದರೂ ಆಡಿಟಿನಲ್ಲಿ ಅದು ದುರ್ಬಳಕೆಯ ಆಕ್ಷೇಪಣೆಯಾಗುತ್ತದೆ.

ಸರ್, ನಾನು 400 ಮೀಟರ್ ಓಡ್ತೀನಿ. ಊರಾಗೆ ಮಣ್ಣಿನ ಟ್ರ್ಯಾಕ್‌ಗೆ ತಗೊಂಡ ಸ್ಪೈಕ್ ಶೂ ಐತಿ. ಸಿಂಥೆಟಿಕ್ ಟ್ರ್ಯಾಕ್‌ಗೆ ಬೇರೆ ಶೂ ತಗೋಬೇಕಾ? – ವಿದ್ಯಾರ್ಥಿ, ಸಿರುಗುಪ್ಪ

ಶೂ ಅದೇ ಸಾಕು, ಮೊಳೆ ಬದಲಿಸಿಕೊಳ್ಳಿ. ಸಿಂಥೆಟಿಕ್ ಮೇಲೆ ಮೊಳೆಯ ಉದ್ದ 9 ಮಿ.ಮೀ. ಮೀರಬಾರದು, ಎತ್ತರ ಜಿಗಿತ ಮತ್ತು ಜಾವೆಲಿನ್‌ಗೆ ಮಾತ್ರ 12 ಮಿ.ಮೀ. ಮಣ್ಣಿಗೆಂದು ಹಾಕಿದ ಉದ್ದದ ಮೊಳೆಯಲ್ಲೇ ಹೋದರೆ ಕಾಲ್ ರೂಮಿನಲ್ಲಿ (ಓಟಕ್ಕೆ ಮುನ್ನ ಸ್ಪರ್ಧಿಗಳನ್ನು ಕರೆದು ತಪಾಸಣೆ ಮಾಡುವ ಜಾಗ) ತಡೆಯುತ್ತಾರೆ. ತಿರುಗಿಸುವ ಕೀಲಿಯನ್ನೂ ಎರಡು ಹೆಚ್ಚುವರಿ ಮೊಳೆಗಳನ್ನೂ ಚೀಲದಲ್ಲಿಟ್ಟುಕೊಳ್ಳಿ. ಮಣ್ಣು ಹಿಡಿದು ತುಕ್ಕು ಬಂದ ಮೊಳೆ ಹಿಂದಿನ ರಾತ್ರಿ ಬಿಚ್ಚಲು ಬರುವುದಿಲ್ಲ, ಊರಲ್ಲೇ ಒಂದು ಹನಿ ಎಣ್ಣೆ ಬಿಟ್ಟು ಸಡಿಲ ಮಾಡಿ. ವಿವಿಗೊಂದು ಮಾತು: ಎಲ್ಲರಿಗೂ ಟ್ರ್ಯಾಕ್‌ಸೂಟ್ ಹೊಲಿಸಿ ಫೋಟೊ ತೆಗೆಸುವ ಹಣದಲ್ಲಿ ಓಟಗಾರರಿಗೆ ಮೊಳೆ ಸೆಟ್ಟುಗಳನ್ನಾದರೂ ಕೊಡಿ.

ತಂಡ ಕರೆದುಕೊಂಡು ಹೋಗಿ ಬಂದು ಎರಡು ವರ್ಷವಾಯಿತು. ಮುಂಗಡದ ಲೆಕ್ಕಕ್ಕೆ ಈಗ ಆಕ್ಷೇಪಣೆ ಬಂದಿದೆ, ಸಂಬಳದಲ್ಲಿ ಕಡಿತ ಮಾಡುತ್ತೇವೆಂದಿದ್ದಾರೆ. ಎಲ್ಲಿ ತಪ್ಪಿರಬಹುದು? – ತಂಡದ ಮ್ಯಾನೇಜರ್, ರಾಯಚೂರು

ಆಕ್ಷೇಪಣೆಯ ಪ್ರತಿ ನೀವು ಕಳಿಸಿಲ್ಲ, ಆದರೂ ಸಾಮಾನ್ಯವಾಗಿ ಸಿಕ್ಕಿಬೀಳುವುದು ತಾರೀಖಿನಲ್ಲಿ. ಆರು ದಿನಕ್ಕೆಂದು ಮುಂಗಡ ಪಡೆದಿರುತ್ತೀರಿ, ತಂಡ ಎರಡನೇ ದಿನವೇ ಸೋತಿರುತ್ತದೆ, ಭತ್ಯೆ ಮಾತ್ರ ಆರು ದಿನದ್ದು. ಸಂಘಟಕರ ಫಲಿತಾಂಶ ಪಟ್ಟಿ ಕಡತದಲ್ಲೇ ಇರುತ್ತದೆ, ಆಡಿಟಿನವರು ಅದನ್ನೂ ಬಟವಾಡೆ ಪಟ್ಟಿಯನ್ನೂ ಪಕ್ಕ ಪಕ್ಕ ಇಟ್ಟು ನೋಡುತ್ತಾರೆ. ಸೋತ ಮೇಲೂ ಉಳಿಯಬೇಕಾಗಿ ಬಂದದ್ದು ವಾಪಸು ಟಿಕೆಟ್ ಮೊದಲೇ ಕಾದಿರಿಸಿದ್ದರಿಂದ ಎಂದಾದರೆ, ಆ ಟಿಕೆಟ್ಟಿನ ಪ್ರತಿ ಮತ್ತು ಆ ದಿನಗಳಲ್ಲಿ ಸಂಘಟಕರ ವಸತಿಯಲ್ಲೇ ಇದ್ದೆವೆಂಬ ಅವರ ಪತ್ರ ಲಗತ್ತಿಸಿ ಉತ್ತರ ಕೊಡಿ. ಪತ್ರ ಈಗಲೂ ತರಿಸಬಹುದು, ಕೇಳಿ ನೋಡಿ.

ಎರಡನೆಯದು ಹೆಸರು. ಆದೇಶದಲ್ಲಿ ಒಬ್ಬ ಆಟಗಾರ, ಹೋದವನು ಇನ್ನೊಬ್ಬ. ಬದಲಾವಣೆಗೆ ಕುಲಸಚಿವರ ಒಪ್ಪಿಗೆ ಹೊರಡುವ ಮೊದಲೇ, ಇಮೇಲಿನಲ್ಲಾದರೂ ಇರಬೇಕು. ರೈಲಿನಲ್ಲೂ ಇದೇ ತೊಡಕು. ಒಂದು ಟಿಕೆಟ್ಟಿನಲ್ಲಿ ಆರೇ ಜನ, ಹಾಗಾಗಿ 14 ಜನರಿಗೆ ಮೂರು ಟಿಕೆಟ್. ವಿದ್ಯಾರ್ಥಿಗಳ ಗುಂಪಿನಲ್ಲಿ ಹೆಸರು ಬದಲಿಸಲು ಸಂಸ್ಥೆಯ ಮುಖ್ಯಸ್ಥರ ಪತ್ರವನ್ನು ರೈಲು ಹೊರಡುವ 48 ಗಂಟೆ ಮೊದಲು ಸ್ಟೇಷನ್ನಿಗೆ ಮುಟ್ಟಿಸಬೇಕು, ಅದೂ ಗುಂಪಿನ ಹತ್ತನೇ ಒಂದು ಭಾಗದಷ್ಟು ಜನರಿಗೆ ಮಾತ್ರ. ನಿಮ್ಮ ತಂಡದ ಮಟ್ಟಿಗೆ ಅದು ಒಂದೇ ಹೆಸರು. 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವಿಕೆ 60 ದಿನಕ್ಕೆ ಇಳಿದಿದೆ. ಆಯ್ಕೆ ಶಿಬಿರವನ್ನು ಅದಕ್ಕೆ ಹೊಂದಿಸಿಕೊಳ್ಳಿ. ಕ್ರೀಡಾಪಟುಗಳ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ತಡೆಹಿಡಿಯಲಾಗಿದೆ, ಹಳೆಯ ಅಂದಾಜು ಪಟ್ಟಿ ನಕಲು ಮಾಡುವವರು ಇದನ್ನು ಮರೆತು ರಿಯಾಯಿತಿ ದರವನ್ನೇ ಬರೆದುಬಿಡುತ್ತಾರೆ.

ಮುಂದಿನ ಸಲ ಭತ್ಯೆಯನ್ನು ನೇರ ವಿದ್ಯಾರ್ಥಿಗಳ ಬ್ಯಾಂಕ್ ಖಾತೆಗೇ ಹಾಕಿಸಿ. ನಗದು ಕೊಡಲೇಬೇಕಾದರೆ ಹೆಸರು, ತರಗತಿ, ದಿನ, ಮೊತ್ತ, ಸಹಿ ಇರುವ ಬಟವಾಡೆ ಪಟ್ಟಿ ಇಡಿ. ಒಬ್ಬರಿಗೆ 5,000 ರೂ. ಮೀರಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ. ಹನ್ನೆರಡು ಸಹಿಯೂ ಒಂದೇ ಕೈಬರಹದಲ್ಲಿದ್ದರೆ ಪಟ್ಟಿ ಇದ್ದೂ ಇಲ್ಲದಂತೆ. ಆಟೊಗೆ ಬಿಲ್ ಸಿಗದು. ಎಲ್ಲಿಂದ ಎಲ್ಲಿಗೆ, ಎಷ್ಟು ಜನ, ಎಷ್ಟು ರೂಪಾಯಿ ಎಂದು ಅದೇ ದಿನ ಬರೆದು ಇಬ್ಬರು ಆಟಗಾರರ ಸಹಿ ಹಾಕಿಸಿ. ಉಳಿದ ಹಣವನ್ನು ಬಂದ ವಾರದಲ್ಲೇ ಚಲನ್ ಕಟ್ಟಿ. ಎರಡು ವರ್ಷ ಬಾಕಿ ಉಳಿದ ಮುಂಗಡ, ಲೆಕ್ಕ ಎಷ್ಟೇ ಚೊಕ್ಕವಿದ್ದರೂ, ಅನುಮಾನದ ಕಣ್ಣಿಗೇ ಬೀಳುತ್ತದೆ.

ಅಂತರಕಾಲೇಜು ಕೂಟ ನಮ್ಮ ಪಾಲಿಗೆ ಬಂದಿದೆ. ಎರೆಮಣ್ಣಿನ ಮೈದಾನ, 200 ಮೀಟರ್ ಟ್ರ್ಯಾಕ್ ಮಾತ್ರ ಹಿಡಿಯುತ್ತದೆ. ಕಡಿಮೆ ಖರ್ಚಿನಲ್ಲಿ ಹೇಗೆ ಸಿದ್ಧ ಮಾಡುವುದು? – ಪದವಿ ಕಾಲೇಜು, ಸಿಂಧನೂರು

ನಾಲ್ಕು ಲೇನಿನ ಟ್ರ್ಯಾಕ್ ಸಾಕು. ಒಳಗಿನ ಗೆರೆಯ ತ್ರಿಜ್ಯ 18 ಮೀ. ಇಟ್ಟುಕೊಳ್ಳಿ. ಕಟ್ಟೆ ಕಟ್ಟದೆ ಬರೀ ಪುಡಿಯ ಗೆರೆ ಎಳೆಯುವಾಗ ಓಟದ ದೂರವನ್ನು ಗೆರೆಯಿಂದ 20 ಸೆಂ.ಮೀ. ಹೊರಗೆ ಅಳೆಯಬೇಕು. 18.20 ಮೀ. ತ್ರಿಜ್ಯದ ಪೂರ್ಣ ವೃತ್ತ 114.35 ಮೀ.; ಉಳಿದ 85.65ರ ಅರ್ಧ, 42.82 ಮೀ., ನೇರ ಭಾಗ. ಎರಡು ತುದಿಯ ಅರ್ಧವೃತ್ತಗಳ ಕೇಂದ್ರದಲ್ಲಿ ನೆಡುವ ಗೂಟಗಳ ನಡುವೆ ಅಷ್ಟು ದೂರವಿರಲಿ. ಲೇನ್ ಅಗಲ 1.22 ಮೀ. ಸುತ್ತ ಒಂದೊಂದು ಮೀಟರ್ ಬಿಟ್ಟರೂ 91 ಮೀ. ಉದ್ದ, 48 ಮೀ. ಅಗಲದ ಜಾಗ ಹಿಡಿಯುತ್ತದೆ. ನೈಲಾನ್ ಹಗ್ಗ ಹಿಗ್ಗುತ್ತದೆ, ತಂತಿ ಅಥವಾ ಸ್ಟೀಲ್ ಟೇಪ್ ಬಳಸಿ.

ಹೆಚ್ಚಿನ ಕಡೆ ಎಡವುವುದು ಸ್ಟ್ಯಾಗರ್‌ನಲ್ಲಿ, ಅಂದರೆ ಹೊರಗಿನ ಲೇನುಗಳ ಆರಂಭದ ಗೆರೆಯನ್ನು ಎಷ್ಟು ಮುಂದಿಡಬೇಕು ಎಂಬ ಲೆಕ್ಕದಲ್ಲಿ. ಪುಸ್ತಕದಲ್ಲಿರುವ 7.04 ಮೀ. ಎತ್ತರಿಸಿದ ಕಟ್ಟೆಯಿರುವ ಟ್ರ್ಯಾಕಿಗೆ. ಅಲ್ಲಿ ಮೊದಲ ಲೇನನ್ನು 30 ಸೆಂ.ಮೀ. ಹೊರಗೆ ಅಳೆಯುತ್ತಾರೆ. ನಿಮ್ಮಲ್ಲಿ ಎಲ್ಲ ಲೇನೂ 20 ಸೆಂ.ಮೀ., ಆದ್ದರಿಂದ ಒಂದು ಸುತ್ತಿಗೆ ಎರಡನೇ ಲೇನು 7.67 ಮೀ., ಮೂರನೆಯದು 15.33, ನಾಲ್ಕನೆಯದು 23 ಮೀ. ಮುಂದೆ. ಪುಸ್ತಕದ ಸಂಖ್ಯೆಯನ್ನೇ ಹಾಕಿದರೆ ಎರಡನೇ ಲೇನಿನವನು 63 ಸೆಂ.ಮೀ. ಹೆಚ್ಚು ಓಡುತ್ತಾನೆ. 400 ಮೀ. ಪೂರ್ತಿ ಲೇನಿನಲ್ಲೇ ಓಡಿಸುವುದಾದರೆ ಈ ಸಂಖ್ಯೆಗಳು ಇಮ್ಮಡಿ. 100 ಮೀ. ಇದರಲ್ಲಿ ಹಿಡಿಯದು, ಆರಂಭಕ್ಕೆ 3 ಮೀ., ಗುರಿಯಾಚೆ ನಿಲ್ಲಲು 17 ಮೀ. ಸೇರಿ 120 ಮೀ. ನೇರ ಜಾಗ ಬೇರೆ ಹುಡುಕಿ.

ಎರೆಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುತ್ತದೆ. ಬಿರುಕಿನಲ್ಲಿ ಕಾಲು ಸಿಕ್ಕರೆ ಪಾದವೇ ತಿರುಚೀತು. ಮೇಲೆ 8 ಸೆಂ.ಮೀ. ಗರಸು ಹಾಕಿ ನೀರು ಹೊಡೆದು ರೋಲರ್ ಎಳೆಸಿ. ನಾಲ್ಕು ಲೇನಿನ ವಿಸ್ತೀರ್ಣ ಸುಮಾರು 1,045 ಚದರ ಮೀಟರ್. ದಮ್ಮಸ್ಸಾದ ಮೇಲೆ 84 ಘನ ಮೀಟರ್ ಉಳಿಯಬೇಕೆಂದರೆ ಸಡಿಲ ಗರಸು 105ರಿಂದ 110 ಬೇಕು. ಟ್ರ್ಯಾಕ್ಟರ್ ಟ್ರಾಲಿಗೆ 3 ಘನ ಮೀಟರ್ ಎಂದರೆ 35–37 ಲೋಡ್. ಇಡೀ ಮೈದಾನಕ್ಕೆ ಗರಸು ಹೊಡೆಸಲು ಹೋಗಿ ಅಂದಾಜು ಏರಿಸಬೇಡಿ, ಓಡುವ ಪಟ್ಟಿಗೆ ಸಾಕು. ಗೆರೆಗೆ ಚಾಕ್ ಪುಡಿ ಹಾಕಿ. ಸುಟ್ಟ ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು.

ಕೂಟದ ಹಿಂದಿನ ದಿನ ಒಂದು ಬಾಟಲಿ ಸಲೈನ್ ಏರಿಸಿಕೊಂಡರೆ ಬಿಸಿಲಿಗೆ ದಣಿವಾಗದು ಎನ್ನುತ್ತಾರೆ. ನಿಜವೇ? – ವಿದ್ಯಾರ್ಥಿನಿ, ಮಾನ್ವಿ

ಬೇಡವೇ ಬೇಡ. ಆಸ್ಪತ್ರೆಯಲ್ಲಿ ನಿಜವಾದ ಚಿಕಿತ್ಸೆಯ ಭಾಗವಾಗಿದ್ದರೆ ಬೇರೆ ಮಾತು. ಇಲ್ಲವಾದರೆ 12 ಗಂಟೆಯಲ್ಲಿ 100 ಮಿ.ಲೀ.ಗಿಂತ ಹೆಚ್ಚು ದ್ರವವನ್ನು ನರಕ್ಕೆ ಏರಿಸಿಕೊಳ್ಳುವುದೇ ಡೋಪಿಂಗ್ ನಿಯಮದಲ್ಲಿ ನಿಷಿದ್ಧ, ಒಳಗಿರುವುದು ಬರೀ ಉಪ್ಪುನೀರಾದರೂ ಸರಿ. ಬಾಟಲಿ ಸಾಮಾನ್ಯವಾಗಿ 500 ಮಿ.ಲೀ. ಮೊಣಕಾಲು ನೋವಿಗೆ ಚುಚ್ಚುವ ಸ್ಟೀರಾಯ್ಡ್ ಇಂಜೆಕ್ಷನ್ ಕೂಡ 2022ರಿಂದ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ. ವೈದ್ಯರ ಬಳಿ ಹೋದಾಗ ‘ನಾನು ಕ್ರೀಡಾಪಟು’ ಎಂದು ಮೊದಲೇ ಹೇಳಿ, ಚೀಟಿ ಇಟ್ಟುಕೊಳ್ಳಿ. ದಣಿವಿಗೆ ಓಆರ್‌ಎಸ್ ಸಾಕು. ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ, ಪೂರ್ತಿ ಒಂದೇ ಸಲಕ್ಕೆ ಕಲಸಬೇಕು. ಒಂದು ಲೋಟಕ್ಕೆ ಇಡೀ ಪ್ಯಾಕೆಟ್ ಸುರಿದು ಗಟ್ಟಿಯಾಗಿ ಕುಡಿದರೆ ಓಟದ ನಡುವೆಯೇ ವಾಂತಿಯಾಗಬಹುದು.