ಗಾಲಿಯ ಡ್ರಾಯಿಂಗ್, ಪುಡಿಯಾದ ಶೂ, ಬಿಟ್ಟುಹೋದ ಹೆಸರು

ಪ್ರಶ್ನೆ: ಭೋಸರಿ ಎಂಐಡಿಸಿಯಲ್ಲಿ ನಮ್ಮದೊಂದು ಸಣ್ಣ ಪಿಯು, ಅಂದರೆ ಪಾಲಿಯುರಿಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನ ಕಾಸ್ಟಿಂಗ್ ಶೆಡ್ ಇದೆ. ಟ್ರಾಲಿ ಗಾಲಿಗಳಿಗೆ ಪಾಲಿಯುರಿಥೇನ್ ಹೊದಿಕೆ ಹಾಕಿಕೊಡುತ್ತೇವೆ. ಅದು ಸವೆದರೆ ಗಾಲಿಯನ್ನೇ ಎಸೆಯುತ್ತಾರೆ. ನಾನು ಎರಡು ಹೋಳಿನ ಹಬ್ (ಗಾಲಿಯ ನಡುಭಾಗ) ಮಾಡಿದ್ದೇನೆ. ಬೋಲ್ಟ್ ಬಿಚ್ಚಿ ಪಿಯು ರಿಂಗ್ ಮಾತ್ರ ಬದಲಿಸಿದರೆ ಸಾಕು. ಮಳೆಗಾಲದಲ್ಲಿ ಗುಳ್ಳೆ ಬರಬಾರದೆಂದು ಮಾಲಿಗೆ ಜಿಯೋಲೈಟ್ ಎಂಬ ತೇವ ಹೀರುವ ಪುಡಿ ಬೆರೆಸುತ್ತೇನೆ. ಎರಡಕ್ಕೂ ಸೇರಿಸಿ ಒಂದೇ ಪೇಟೆಂಟ್ ಸಿಗುತ್ತದೆಯೇ? ಮುಂದಿನ ತಿಂಗಳು ಎಕ್ಸಿಬಿಷನ್‌ನಲ್ಲಿ ಸ್ಟಾಲ್ ಇದೆ. ಡ್ರಾಯಿಂಗ್ ಜೊತೆಗಿಟ್ಟಿದ್ದೇನೆ. ಪಿಯು ಗಟ್ಟಿಯಾಗಲು ಹಾಕುವ ಮೋಕಾ ಎಂಬ ರಾಸಾಯನಿಕ ಕರಗಿಸುವುದು ಸದ್ಯಕ್ಕೆ ಗ್ಯಾಸ್ ಒಲೆಯ ಮೇಲೆ. ಅದಕ್ಕೂ ಏನಾದರೂ ಸಾಧನ ಮಾಡಬಹುದೇ?
– ಓದುಗರೊಬ್ಬರು, ಪುಣೆ

ಉತ್ತರ: ಡ್ರಾಯಿಂಗನ್ನು ಪತ್ರಿಕೆಗೆ ಯಾಕೆ ಕಳಿಸಿದಿರಿ ಮಾರಾಯರೇ! ಅರ್ಜಿ ಹಾಕುವ ಮೊದಲೇ ಅದು ಅಚ್ಚಾಗಿದ್ದರೆ ನಿಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಲೋಕಕ್ಕೆ ಗೊತ್ತಾದದ್ದು ಹೊಸದಲ್ಲ, ಹೊಸದಲ್ಲದ್ದಕ್ಕೆ ಪೇಟೆಂಟ್ ಇಲ್ಲ. ಸಂಪಾದಕರಿಗೆ ಹೇಳಿ ಅದನ್ನು ಸ್ಪೀಡ್ ಪೋಸ್ಟಿನಲ್ಲಿ ವಾಪಸ್ ಕಳಿಸಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ಅಚ್ಚಾಗಿರುವುದೆಲ್ಲ ಹಳೆಯ ಸಂಗತಿ, ಅದಕ್ಕೇ ಅಚ್ಚಾಗಲು ಬಿಟ್ಟೆ.

ಹೌದು, ಎರಡು ಹೋಳಿನ ಹಬ್ ಹಳೆಯದೇ. ಬೇಜಾರು ಮಾಡಿಕೊಳ್ಳಬೇಡಿ. ಇಂಟರ್‌ನೆಟ್ಟಿನಲ್ಲಿ ಪೇಟೆಂಟ್‌ಗಳನ್ನು ಪುಕ್ಕಟೆ ಹುಡುಕಬಹುದು. ಬಿ60ಬಿ 33 ಎಂಬ ವರ್ಗದಲ್ಲಿ ಟ್ರಾಲಿ ಗಾಲಿಗಳಿವೆ, ಒಂದು ಸಂಜೆ ಕೂತು ನೋಡಿ. ಗೊತ್ತಿರುವ ಭಾಗಗಳನ್ನು ಸುಮ್ನೆ ಜೋಡಿಸಿದರೆ, ಪ್ರತಿಯೊಂದೂ ತನ್ನ ಹಳೆಯ ಕೆಲಸವನ್ನೇ ತನ್ನ ಪಾಡಿಗೆ ಮಾಡುತ್ತಿದ್ದರೆ, ಪೇಟೆಂಟ್ ಕಾಯ್ದೆಯ 3(ಎಫ್) ಕಲಮು ಅದನ್ನು ಆವಿಷ್ಕಾರ ಎಂದು ಒಪ್ಪುವುದಿಲ್ಲ. ಆದರೆ ಡ್ರಾಯಿಂಗಿನ ಎಡ ಮೂಲೆಯಲ್ಲಿ ಒಂದು ಚಿಕ್ಕ ತುಂಡು ಬಿಡಿಸಿದ್ದೀರಲ್ಲ, ಲೋಡ್ ಬಿದ್ದಾಗ ರಿಂಗ್ ಜಾರದಂತೆ ಹಿಡಿಯುವುದಕ್ಕೆ? ಅದು ಏನು, ಹೇಗೆ ಎಂದು ನಾನಿಲ್ಲಿ ಬರೆಯುವುದಿಲ್ಲ. ನಿಮ್ಮ ಪತ್ರದಲ್ಲಿ ಅದಕ್ಕೆ ಒಂದೇ ಸಾಲು ಕೊಟ್ಟು, ಬೋಲ್ಟಿನ ಬಗ್ಗೆ ಒಂದು ಪುಟ ಬರೆದಿದ್ದೀರಿ. ಅದನ್ನು ತಿರುವುಮುರುವು ಮಾಡಿ. ಪೇಟೆಂಟಿನ ಜೀವ ಇರುವುದು ಕ್ಲೇಮ್‌ನಲ್ಲಿ, ಅಂದರೆ ಇಷ್ಟು ನನ್ನದು ಎಂದು ಹಕ್ಕು ಕೇಳುವ ಸಾಲುಗಳಲ್ಲಿ; ನಿಮ್ಮ ಕ್ಲೇಮ್ ಆ ತುಂಡಿನ ಮೇಲೆ ನಿಲ್ಲಬೇಕು.

ಪುಡಿಯ ವಿಷಯ ಬೇರೆ. ಅದಕ್ಕೂ ಗಾಲಿಗೂ ಒಂದೇ ಅರ್ಜಿ ನಡೆಯುವುದಿಲ್ಲ, ಒಂದು ಆವಿಷ್ಕಾರಕ್ಕೆ ಒಂದು ಅರ್ಜಿ. ನಾನು ಪೇಟೆಂಟ್ ಏಜೆಂಟ್ ಆಗುವ ಮೊದಲು ಭೋಸರಿಯಲ್ಲೇ ಒಂದು ಕಾಸ್ಟಿಂಗ್ ಶೆಡ್ಡಿನ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಜುಲೈ ಬಂತೆಂದರೆ ಗುಳ್ಳೆಯ ಕಾಟ. ಪಿಯು ಆಗುವುದು ಪಾಲಿಯಾಲ್, ಐಸೋಸಯನೇಟ್ ಎಂಬ ಎರಡು ರಾಸಾಯನಿಕ ಬೆರೆತು. ಪಾಲಿಯಾಲ್ ಡ್ರಮ್ಮಿನ ಮುಚ್ಚಳ ಸಡಿಲ ಬಿಟ್ಟರೆ ಸಾಕು, ಅದು ಗಾಳಿಯ ತೇವ ಕುಡಿಯುತ್ತದೆ. ಐಸೋಸಯನೇಟ್ ಆ ನೀರನ್ನು ಬಿಡುವುದಿಲ್ಲ, ಇಬ್ಬರೂ ಸೇರಿ ಕಾರ್ಬನ್ ಡೈಆಕ್ಸೈಡ್ ಹುಟ್ಟಿಸುತ್ತಾರೆ. ಹೊರಗಿನಿಂದ ಗಾಲಿ ಲಕಲಕ ಹೊಳೆಯುತ್ತದೆ. ಲೇತಿಗೆ ಹಾಕಿ ಒಂದು ಮಿಲಿಮೀಟರ್ ಸುಲಿದರೆ ಒಳಗೆ ಸಾಸಿವೆ ಗಾತ್ರದ ತೂತುಗಳು. ಇದೇ ಗುಳ್ಳೆ ಇನ್ನೊಬ್ಬರಿಗೆ ಬಂಗಾರ, ಹಾಸಿಗೆಯ ಫೋಮ್ ಆಗುವುದೇ ಇದರಿಂದ. ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ರಸಾಯನ ವಿಜ್ಞಾನಿ ಒಟ್ಟೊ ಬೇಯರ್ ಅವರ ತಂಡ 1937ರ ನವೆಂಬರಿನಲ್ಲಿ ಪಾಲಿಯುರಿಥೇನಿನ ಮೂಲ ಪೇಟೆಂಟಿಗೆ ಅರ್ಜಿ ಹಾಕಿತು. ನಂತರ ಅವರ ಸ್ಯಾಂಪಲ್ಲಿನ ಗುಳ್ಳೆ ನೋಡಿ, ತೂತಿನ ಚೀಸ್ ಮಾಡಲು ಲಾಯಕ್ಕು ಎಂದು ನಕ್ಕವರಿದ್ದರಂತೆ.

ಜಿಯೋಲೈಟ್ ಪುಡಿ ತೇವ ಹೀರುತ್ತದೆ ಎಂಬುದು ನಮ್ಮ ಧಂದೆಯಲ್ಲಿ ಎಲ್ಲರಿಗೂ ಗೊತ್ತು. ಇದೇ ಕೆಲಸಕ್ಕೆಂದೇ ಮಾರುತ್ತಾರೆ. ಬೆರೆಸಿದ್ದರಿಂದ ಬರೀ ಎರಡರ ಗುಣ ಕೂಡಿಕೊಂಡರೆ 3(ಇ) ಕಲಮು ಅಡ್ಡ ಬರುತ್ತದೆ. ನೀವು ಅದನ್ನು ಯಾವ ಹಂತದಲ್ಲಿ, ಎಷ್ಟು ಬಿಸಿಯಲ್ಲಿ ಹಾಕುತ್ತೀರಿ ಎನ್ನುವುದರಲ್ಲಿ ನಿಮ್ಮದೇ ಒಂದು ಕೈಚಳಕ ಇರಬಹುದು. ಅದನ್ನು ಬಾಯಿಬಿಡದೆ ಇಟ್ಟುಕೊಳ್ಳಿ. ಗಾಲಿ ಮಾರ್ಕೆಟ್ಟಿಗೆ ಬಂದ ದಿನವೇ ಯಾರಾದರೂ ಬಿಚ್ಚಿ ನೋಡುತ್ತಾರೆ, ಆದ್ದರಿಂದ ಅದಕ್ಕೆ ಪೇಟೆಂಟ್ ಬೇಕು. ಹಾಕುವ ಕ್ರಮ ಮಾಲು ನೋಡಿದರೆ ತಿಳಿಯುವುದಿಲ್ಲ. ಪೇಟೆಂಟ್ ಅರ್ಜಿಯಾದರೋ 18 ತಿಂಗಳಿಗೆ ಪ್ರಕಟವಾಗುತ್ತದೆ, ನೀವೇ ಎಲ್ಲರಿಗೂ ಪಾಠ ಹೇಳಿದ ಹಾಗೆ. ಗುಟ್ಟು ಕಾಪಾಡಲು ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಕೆಲಸಗಾರರ ಜೊತೆ ಲಿಖಿತ ಕರಾರು ಮಾಡಿಕೊಳ್ಳಿ.

ಎಕ್ಸಿಬಿಷನ್‌ಗೆ ಮುಂಚೆ ಪ್ರೊವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದ ಪ್ರದರ್ಶನಗಳಿಗೆ ಮಾತ್ರ 12 ತಿಂಗಳ ವಿನಾಯಿತಿ ಇದೆ, ನಿಮ್ಮ ಸ್ಟಾಲ್ ಅದರಲ್ಲಿ ಬರುತ್ತದೆಂದು ನಂಬಿ ಕೂರಬೇಡಿ. ಆನ್‌ಲೈನ್‌ನಲ್ಲಿ ಒಬ್ಬ ವ್ಯಕ್ತಿಗೆ ಅರ್ಜಿ ಶುಲ್ಕ 1600 ರೂಪಾಯಿ. ಪೂರ್ಣ ವಿವರಣೆ ಕೊಡಲು 12 ತಿಂಗಳು ಸಮಯ. ಮಹಾರಾಷ್ಟ್ರ, ಗೋವಾದವರಿಗೆಲ್ಲ ಮುಂಬೈ ಆಂಟಾಪ್ ಹಿಲ್‌ನ ಕಚೇರಿ. ಮೊದಲಿನ ಹಾಗೆ ಲೋಕಲ್ ಹಿಡಿದು ಫೈಲ್ ಹೊತ್ತುಕೊಂಡು ಹೋಗಬೇಕಾಗಿಲ್ಲ.

ಇನ್ನು ಮೋಕಾ. ಇದನ್ನು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಅದು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲನೇ ಗುಂಪಿನಲ್ಲಿ ಇಟ್ಟಿದೆ. ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಅದು ಕರಗುವುದು 110 ಡಿಗ್ರಿ ಹತ್ತಿರ, ಒಲೆಯ ಉರಿಗೆ ಆ ಲೆಕ್ಕ ಗೊತ್ತಿಲ್ಲ. ಹೊಸ ಸಾಧನ ಏನೂ ಬೇಡ. ಥರ್ಮೋಸ್ಟಾಟ್ ಇರುವ, ಮುಚ್ಚಿದ ಮೆಲ್ಟರ್ ಸಿಗುತ್ತದೆ, ಅದನ್ನು ಕೊಳ್ಳಿ. ಮೇಲೆ ಎಕ್ಸಾಸ್ಟ್ ಹಾಕಿಸಿ. ಹುಡುಗರಿಗೆ ಸರಿಯಾದ ಗ್ಲೌಸ್, ಮಾಸ್ಕ್ ಕೊಡಿ. ಪೇಟೆಂಟ್‌ಗಿಂತ ಮೊದಲು ಈ ಕೆಲಸ.

ಪ್ರಶ್ನೆ: ನಮ್ಮ ಯಜಮಾನರು ಮಗಳ ಮದುವೆಗೆಂದು ಕೊಂಡ ಶೂ ಒಂದೇ ಸಲ ಹಾಕಿದ್ದು. ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದೆ. ಆರು ವರ್ಷದ ಮೇಲೆ ಮೊನ್ನೆ ತೆಗೆದರೆ ಸೋಲ್ ಚಕ್ಕೆ ಚಕ್ಕೆಯಾಗಿ ಉದುರಿತು. ಡೂಪ್ಲಿಕೇಟ್ ಮಾಲೇ?
– ಗೃಹಿಣಿ, ಡೊಂಬಿವಲಿ

ಉತ್ತರ: ಅಮ್ಮಾ, ಮೋಸ ಆಗಿದೆ ಅನ್ನಿಸುವುದಿಲ್ಲ. ಹೀಗೆ ಉದುರುವ ಸೋಲ್ ಸಾಮಾನ್ಯವಾಗಿ ಪಾಲಿಯೆಸ್ಟರ್ ಜಾತಿಯ ಪಾಲಿಯುರಿಥೇನ್. ಸವೆತ ತಡೆಯುತ್ತದೆ, ಎಣ್ಣೆಗೆ ಜಗ್ಗುವುದಿಲ್ಲ, ಹಗುರ. ಆದರೆ ನೀರಿನ ಆವಿ ಅದರ ಎಸ್ಟರ್ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಕಡಿದಾಗ ಹುಟ್ಟುವ ಆಮ್ಲ ಮುಂದಿನ ಕೊಂಡಿಯನ್ನು ಇನ್ನೂ ಬೇಗ ಕಡಿಯುತ್ತದೆ. ಡೊಂಬಿವಲಿಯ ಸೆಕೆ, ತೇವ, ಮೇಲೆ ಗಾಳಿಯಾಡದ ಡಬ್ಬಿ. ಅದಕ್ಕೆ ಇನ್ನೇನು ಬೇಕು? ಪಾಲಿಈಥರ್ ಜಾತಿಯದು ನೀರಿಗೆ ಚೆನ್ನಾಗಿ ತಡೆಯುತ್ತದೆ. ಪಾಲಿಯೆಸ್ಟರ್‌ಗೆ ಕಾರ್ಬೊಡೈಇಮೈಡ್ ಎಂಬ ಔಷಧಿ ಬೆರೆಸಿದರೂ ಆಯುಷ್ಯ ಹೆಚ್ಚುತ್ತದೆ. ಇದರ ಮೇಲೇ ಎಷ್ಟೋ ಪೇಟೆಂಟ್‌ಗಳಿವೆ. ಮುಂದಿನ ಸಲ ರಬ್ಬರ್ ಸೋಲ್ ಕೊಳ್ಳಿ. ಪಿಯು ಕೊಂಡರೆ ಎತ್ತಿಡದೆ ಹಾಕಿಕೊಂಡು ಓಡಾಡಲು ಹೇಳಿ.

ಪ್ರಶ್ನೆ: ಚಾಕಣದ ಕಾರ್ಖಾನೆಯೊಂದರಲ್ಲಿ ಟೂಲ್ ರೂಮ್ ಕೆಲಸ. ಫೋಮ್ ಸೀಟಿನ ಅಚ್ಚು ತೆರೆಯಲು ನಾನು ಮಾಡಿದ ಕ್ಲ್ಯಾಂಪ್‌ಗೆ ಕಂಪನಿ ಪೇಟೆಂಟ್ ಅರ್ಜಿ ಹಾಕಿದೆ. ಆವಿಷ್ಕಾರಕರ ಜಾಗದಲ್ಲಿ ಸಾಹೇಬರ ಹೆಸರು ಮಾತ್ರ ಇದೆ.
– ಹೆಸರು ಬೇಡ

ಉತ್ತರ: ಮಾಲೀಕತ್ವ ಬೇರೆ, ಹೆಸರು ಬೇರೆ. ನೌಕರರ ಆವಿಷ್ಕಾರ ಯಾರದ್ದು ಎನ್ನುವುದಕ್ಕೆ ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಪ್ರತ್ಯೇಕ ಕಲಮು ಇಲ್ಲ. ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ಓದಿ, ಹೆಚ್ಚಾಗಿ ಅದರಲ್ಲಿ ಕಂಪನಿಗೆ ಬರೆದುಕೊಟ್ಟಿರುತ್ತೀರಿ. ಹೆಸರಿಗೆ ಮಾತ್ರ 28ನೇ ಕಲಮಿದೆ. ಫಾರ್ಮ್ 8 ತುಂಬಿ ಕೇಳಬಹುದು, ಆದರೆ ಪೇಟೆಂಟ್ ಮಂಜೂರಾಗುವ ಮೊದಲೇ. ನಿಮ್ಮ ಕೈಬರಹದ ಸ್ಕೆಚ್, ತಾರೀಕು ಇರುವ ಜಾಬ್ ಕಾರ್ಡ್, ವಾಟ್ಸ್‌ಆಪ್ ಫೋಟೋ ಎಲ್ಲ ಒಟ್ಟು ಮಾಡಿ. ಮೊದಲು ಸಾಹೇಬರ ಹತ್ತಿರ ಮಾತಾಡಿ ನೋಡಿ. ಎಷ್ಟೋ ಸಲ ಅರ್ಜಿ ಬರೆಯುವವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೇ. ಯಾವಾಗಲೂ ಅಷ್ಟೇ ಅಲ್ಲ, ಅದೂ ಗೊತ್ತು.

ಪ್ರಶ್ನೆ: ಭಾರತದ ಪೇಟೆಂಟ್ ದುಬೈಯಲ್ಲೂ ನಡೆಯುತ್ತದೆಯೇ?
– ವಿದ್ಯಾರ್ಥಿ, ಮಾಪ್ಸಾ, ಗೋವಾ

ಉತ್ತರ: ಇಲ್ಲ. ಎಲ್ಲಿ ಹಕ್ಕು ಬೇಕೋ ಆ ದೇಶದಲ್ಲೇ ಪಡೆಯಬೇಕು. ಇಲ್ಲಿ ಅರ್ಜಿ ಹಾಕಿದ 12 ತಿಂಗಳೊಳಗೆ ಪಿಸಿಟಿ (ಪೇಟೆಂಟ್ ಸಹಕಾರದ ಅಂತಾರಾಷ್ಟ್ರೀಯ ಒಪ್ಪಂದ) ಅರ್ಜಿ ಹಾಕಿದರೆ ಬೇರೆ ದೇಶಗಳನ್ನು ಆರಿಸಿಕೊಳ್ಳಲು ಸಮಯ ಸಿಗುತ್ತದೆ. ಆಮೇಲೆ ಒಂದೊಂದು ದೇಶಕ್ಕೂ ಬೇರೆ ಬೇರೆ ಖರ್ಚು. ಮೊದಲು ಅಲ್ಲಿ ಕೊಳ್ಳುವವರು ಇದ್ದಾರಾ ಎಂದು ವಿಚಾರಿಸಿ.