ಹೊಲದಲ್ಲಿ ಬಿಳಿ ಉಪ್ಪು ಏಳುತ್ತಿದೆ. ಎಕರೆಗೆ ಎಷ್ಟು ಚೀಲ ಜಿಪ್ಸಂ ಹಾಕಬೇಕು? ಅಥವಾ ಸಗಣಿ, ಗಂಜಲದ ಜೀವಾಮೃತವೇ ಸಾಕೇ?

ಚೀಲದ ಲೆಕ್ಕ ಕೇಳಿದ್ದೀರಿ. ಹನ್ನೆರಡು ವರ್ಷಗಳ ಹಿಂದೆ ನಾನೂ ಗೊಬ್ಬರದ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಇದೇ ಲೆಕ್ಕ ಕೇಳಿದ್ದೆ.

ನಮ್ಮದು ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಬರುವ ಐದು ಎಕರೆ ಎರೆ ಹೊಲ. ಹಳ್ಳಕ್ಕೆ ಹೊಂದಿಕೊಂಡ ತಗ್ಗು ಪ್ರದೇಶ. ಈ ಭಾಗದ ಬಹುಪಾಲು ಜಮೀನಿಗೆ ಹತ್ತಿ, ಜೋಳ, ಶೇಂಗಾದಂಥ ಕಡಿಮೆ ನೀರಿನ ಅರೆ ಖುಷ್ಕಿ ಬೆಳೆಗಳಿಗೆ ಸಾಲುವಷ್ಟು ನೀರನ್ನೇ ಯೋಜನೆಯಲ್ಲಿ ಲೆಕ್ಕ ಹಿಡಿದಿದ್ದರು. ಆದರೆ 1953ರಲ್ಲಿ ಅಣೆಕಟ್ಟು ಮುಗಿದ ನಂತರದ ದಶಕಗಳಲ್ಲಿ ಕಾಲುವೆಯ ಮೇಲ್ಭಾಗದ ತುಂಬ ಭತ್ತ ಹಬ್ಬಿತು. ಮೇಲಿನ ಮಡಿಗಳಲ್ಲಿ ತಿಂಗಳುಗಟ್ಟಲೆ ನಿಂತ ನೀರು ಒಳಗೊಳಗೇ ಬಸಿದು ತಗ್ಗಿನವರ ಬೇರಿಗೆ ಬಂದು ನಿಲ್ಲುತ್ತದೆ. ನಾವೂ ಭತ್ತವನ್ನೇ ಹಚ್ಚಿದೆವು, ಆದ್ದರಿಂದ ಅನ್ಯರನ್ನು ಮಾತ್ರ ದೂರುವ ಹಕ್ಕು ನನಗಿಲ್ಲ.

ಮೊದಲು ಬದುವಿನ ಪಕ್ಕದಲ್ಲಿ ಒಂದು ಒಕ್ಕಣೆಯ ಕಣದಷ್ಟು ಜಾಗದಲ್ಲಿ ಸಸಿಗಳ ಎಲೆಯ ತುದಿ ಸುಟ್ಟಂತಾಯಿತು. ಬೇಸಿಗೆಯಲ್ಲಿ ಅದೇ ಜಾಗ ಬೆಳಗ್ಗೆ ಒದ್ದೆಯಾಗಿ ಕಪ್ಪಗೆ ಕಾಣುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಜೋಳದ ಹಿಟ್ಟು ಚೆಲ್ಲಿದಂತೆ ಬೆಳ್ಳಗಾಗುತ್ತಿತ್ತು. ಕಾಲಿಟ್ಟರೆ ಹುಡಿ ಮಣ್ಣು ಪುಸ್ಸೆಂದು ಕುಸಿಯುತ್ತಿತ್ತು. ಅಂಗಡಿಯವರು ಜಿಪ್ಸಂ ಎಂದರು. ಮಣ್ಣು ಪರೀಕ್ಷೆ ಮಾಡಿಸದೆ, ಎಕರೆಗೆ ಎರಡು ಟನ್ನಿನಂತೆ ಹರಡಿ, ನೀರು ಕಟ್ಟಿ ನಿಲ್ಲಿಸಿದೆ.

ನನ್ನ ತಪ್ಪು ಎಲ್ಲಿತ್ತೆಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಜೇಡಿಮಣ್ಣಿನ ಕಣಗಳಿಗೆ ಸೋಡಿಯಂ ಅಂಟಿಕೊಂಡಿರುವ ಕ್ಷಾರ ಮಣ್ಣಿನಲ್ಲಿ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ಕದಲಿಸಿ ತಾನು ಕೂರುತ್ತದೆ. ಕದಲಿದ ಸೋಡಿಯಂ ನೀರಿನಲ್ಲಿ ಕರಗಿ ಕೆಳಗಿಳಿದು ಹೊಲದಿಂದಾಚೆಗೆ ಹೋಗಬೇಕು. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಅದು ಅಲ್ಲಿಯೇ ಉಳಿಯುತ್ತದೆ. ನನ್ನ ಹೊಲದಲ್ಲಿ ದಾರಿಯಿರಲಿಲ್ಲ. ಕಾಲುವೆ ಬಂದಾದ ಬೇಸಿಗೆಯಲ್ಲಿಯೂ ಮೂರಡಿ ತೋಡಿದರೆ ನೀರು ಸಿಗುತ್ತಿತ್ತು, ಆದರೆ ಆಗ ನಾನು ತೋಡಿ ನೋಡಿರಲೇ ಇಲ್ಲ. ಉಪ್ಪು ತೊಳೆಯುತ್ತೇನೆಂದು ಕಟ್ಟಿದ ನೀರು ಅಂತರ್ಜಲವನ್ನು ಇನ್ನೂ ಮೇಲಕ್ಕೆ ತಂದಿತು. ವಿಚಿತ್ರವೆಂದರೆ ಆ ಮುಂಗಾರಿನಲ್ಲಿ ಭತ್ತ ಪರವಾಗಿಲ್ಲ ಎನ್ನುವಂತೆ ಬಂತು. ನಿಂತ ನೀರಿನ ಒತ್ತಿಗೆ ಉಪ್ಪು ಬೇರಿನ ಕೆಳಗೆ ಇಳಿದಿತ್ತು, ಅಷ್ಟೆ. ನಾನು ಅದನ್ನು ಜಿಪ್ಸಂನ ಮಹಿಮೆಯೆಂದು ತಿಳಿದು ಮರುವರ್ಷ ಮತ್ತೆ ಹಾಕಿದೆ. ಬಿಸಿಲು ನೀರನ್ನು ಮೇಲಕ್ಕೆ ಹೀರಿದಾಗ ಉಪ್ಪೂ ಅದರೊಂದಿಗೆ ಏರಿ ಬಂತು, ಕಣದಷ್ಟಿದ್ದ ಬಿಳುಪು ಒಂದೂವರೆ ಎಕರೆಗೆ ಹರಡಿತು. ಕೊನೆಗೆ ಮಾಡಿಸಿದ ಪರೀಕ್ಷೆಯಲ್ಲಿ ರಸಸಾರ (ಪಿಎಚ್) 8.1, ಲವಣಾಂಶ (ಇಸಿ, ಮೀಟರಿಗೆ ಡೆಸಿಸೀಮನ್ಸ್ ಲೆಕ್ಕದಲ್ಲಿ) 11 ಎಂದು ಬಂತು. ಲವಣಾಂಶ 4 ದಾಟಿ ರಸಸಾರ 8.5ರ ಒಳಗಿದ್ದರೆ ಅದು ಸಾಮಾನ್ಯವಾಗಿ ಸವಳು, ಅಂದರೆ ಕರಗುವ ಉಪ್ಪು ತುಂಬಿದ ಮಣ್ಣು, ಕ್ಷಾರವಲ್ಲ. ಅಂದರೆ ನನ್ನ ಮಣ್ಣಿಗೆ ಜಿಪ್ಸಂ ಬೇಕಾಗಿಯೇ ಇರಲಿಲ್ಲ. ಎರಡು ವರ್ಷದ ದುಡ್ಡು ಹೋಯಿತು. ಬಸಿನೀರಿನ ಸಿಟ್ಟಿಗೆ ಮೇಲಿನ ಹೊಲದವರೊಂದಿಗೆ ಆರು ತಿಂಗಳು ಮಾತು ಬಿಟ್ಟದ್ದನ್ನೂ ಆ ಖರ್ಚಿಗೇ ಸೇರಿಸಬೇಕು.

ಆಮೇಲೆ ಮಾಡಿದ್ದು ಗುದ್ದಲಿಯ ಕೆಲಸ. ಹೊಲದ ಹೆಚ್ಚುವರಿ ನೀರನ್ನು ಹೊರಗೆ ಸಾಗಿಸಬೇಕಾದ ನಮ್ಮ ಬಸಿಗಾಲುವೆಯಲ್ಲಿ ಬಳ್ಳಾರಿ ಜಾಲಿ ಆಳೆತ್ತರ ಬೆಳೆದು, ಹೂಳು ತುಂಬಿ, ಅದು ಬಸಿಗಾಲುವೆ ಎಂಬುದೇ ಮರೆತುಹೋಗಿತ್ತು. ಮಾತು ಬಿಟ್ಟಿದ್ದವರನ್ನೂ ಸೇರಿಸಿಕೊಂಡು ಐದು ಮನೆಯವರು ಜೆಸಿಬಿ ತಂದು ಹಳ್ಳದವರೆಗೆ ಬಿಡಿಸಿದೆವು. ನನ್ನ ಹೊಲದ ಅಂಚಿನಲ್ಲಿ ಐದಡಿ ಆಳ ತೆಗೆಸಿದೆ. ಮೊದಲ ವಾರ ಅದರಲ್ಲಿ ಹರಿದ ನೀರನ್ನು ನಾಲಗೆಗೆ ಹಚ್ಚಿ ನೋಡಿದೆ: ಉಪ್ಪಿನಕಾಯಿ ರಸದಂತಿತ್ತು. ಆ ನಂತರವೇ ಮುಂಗಾರಿನಲ್ಲಿ ನೀರು ಕಟ್ಟಿ ಬಿಟ್ಟು, ಕಟ್ಟಿ ಬಿಟ್ಟು ತೊಳೆದೆ. ಉಪ್ಪು ತಾಳುವ ಹಸಿರೆಲೆ ಗೊಬ್ಬರದ ಗಿಡ ಡಯಾಂಚಾ ಬಿತ್ತಿ, ನಲವತ್ತೈದನೆಯ ದಿನಕ್ಕೆ ಮಣ್ಣಿಗೆ ಸೇರಿಸಿದೆ. ಮೂರನೆಯ ವರ್ಷ ಅಲ್ಲಿ ಜೋಳ ತೆನೆ ಕಟ್ಟಿತು. ಅರ್ಧ ಎಕರೆ ಇಂದಿಗೂ ಸರಿಹೋಗಿಲ್ಲ. ಅಲ್ಲಿಗೆ ನೆಲದೊಳಗೆ ರಂಧ್ರದ ಪೈಪು ಹಾಕಿಸಬೇಕು, ಅದು ಒಬ್ಬನ ಕೈಲಾಗುವ ಖರ್ಚಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಜೀವಾಮೃತ ಸಾಕೇ ಎಂದೂ ಕೇಳಿದ್ದೀರಿ. ಅದರ ಮೇಲೆ ನನಗೆ ದ್ವೇಷವಿಲ್ಲ, ಆದರೆ ಅದು ಉಪ್ಪನ್ನು ಹೊತ್ತು ಹೊರಗೆ ಹಾಕುವುದಿಲ್ಲ. ಕೆರೆಯ ಹೂಳು ಹೊಡೆಸಿದರೂ ಅಷ್ಟೆ, ಉಪ್ಪು ಆ ಹೊಸ ಮಣ್ಣನ್ನೂ ಏರಿ ಬರುತ್ತದೆ. ಇಂದೇ ಗಾಜಿನ ಬಾಟಲಿಯಲ್ಲಿ ಹಿಡಿ ಮಣ್ಣನ್ನು ಮಳೆನೀರಿನಲ್ಲಿ ಕಲಕಿ ರಾತ್ರಿಯಿಡೀ ಬಿಡಿ: ನೀರು ತಿಳಿಯಾದರೆ ಸವಳಿನ ಕಡೆಗೆ, ಬಗ್ಗಡವಾಗಿಯೇ ಉಳಿದರೆ ಕ್ಷಾರದ ಕಡೆಗೆ ಅನುಮಾನಪಡಬಹುದು. ಇದು ಅಂದಾಜು ಮಾತ್ರ. ಪ್ರಯೋಗಾಲಯದ ಚೀಟಿ ಬೇಕೇ ಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆಯೇ ಕೆಲಸ ನಡೆಯುತ್ತದೆ, ನಿಮಗೆ ಹತ್ತಿರವಾದರೆ ಹೋಗಿ ಬನ್ನಿ. ಅದಕ್ಕೂ ಮೊದಲು ಬಿಳುಪಿರುವ ಕಡೆ ಐದಡಿ ಗುಂಡಿ ತೋಡಿಸಿ, ಮರುದಿನ ಬೆಳಗ್ಗೆ ನೀರು ಎಷ್ಟಡಿಗೆ ಬಂದು ನಿಂತಿದೆ ಎಂದು ಇಲ್ಲಿಯೇ ಬರೆಯಿರಿ. ಚೀಲದ ಲೆಕ್ಕವನ್ನು ಆಮೇಲೆ ಹಾಕೋಣ.